ಬನಶಂಕರಿ ಕಡೆಯಿಂದ ಬೊಮ್ಮಸಂದ್ರಕ್ಕೆ ದಿನಾ ಹೋಗೋದು ಹೆಂಗೆ: ದರ ಏರಿದ ಮೇಲೆ ಮೆಟ್ರೋ, ಬಸ್ಸು, ಸ್ಕೂಟರ್, ಆಟೋ ಲೆಕ್ಕ

2025 ಅನ್ನೋ ವರ್ಷ ಬೆಂಗಳೂರಲ್ಲಿ ದಿನಾ ಓಡಾಡೋರ ಜೇಬಿಗೆ ಮೂರು ಸಲ ಕೈ ಹಾಕ್ತು. ಜನವರಿ 5ಕ್ಕೆ ಬಸ್ ದರ ಶೇಕಡಾ 15 ಏರಿತು, ಸಂಕ್ರಾಂತಿ ಎಳ್ಳು ಬೆಲ್ಲ ಮುಗಿದು ಒಂದು ತಿಂಗಳು ಆಗೋಷ್ಟರಲ್ಲಿ ಫೆಬ್ರವರಿ 9ಕ್ಕೆ ಮೆಟ್ರೋ ಏರಿತು, ಸರಿ ಇನ್ನೇನು ಉಳೀತು ಅಂತ ಇದ್ರೆ ಆಗಸ್ಟ್ 1ಕ್ಕೆ ಆಟೋ ಮೀಟರೂ ಏರಿತು. ಇದರ ಮಧ್ಯೆ ಜೂನ್ 16ರಿಂದ ಬೈಕ್ ಟ್ಯಾಕ್ಸಿ ಬಂದ್ ಬೇರೆ ಆಗಿತ್ತು. ಆಫೀಸಲ್ಲಿ ಊಟಕ್ಕೆ ಕೂತ್ರೆ ಮುಂಚೆ ಕ್ರಿಕೆಟ್ ಮಾತಾಡ್ತಿದ್ವಿ, ಈಗ ಯಾರು ಎಷ್ಟು ಕೊಟ್ಟು ಬಂದ್ರು ಅನ್ನೋದೇ ಮಾತು.

ನನ್ನ ರೂಟ್ ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಈ ಲೆಕ್ಕ ಎಲ್ಲಾ ಅದರ ಮೇಲೇ ನಿಂತಿರೋದು. ಮನೆ ಪದ್ಮನಾಭನಗರ, ಆರ್.ವಿ. ರೋಡ್ ಮೆಟ್ರೋ ಸ್ಟೇಷನ್ನಿಗೆ ಹತ್ರತ್ರ ಎರಡು ಕಿಲೋಮೀಟರ್. ಕೆಲಸ ಬೊಮ್ಮಸಂದ್ರ ಇಂಡಸ್ಟ್ರಿಯಲ್ ಏರಿಯಾ. ವಾರಕ್ಕೆ ಆರು ದಿನ, ತಿಂಗಳಿಗೆ 24 ದಿನ ಅಂತ ಇಟ್ಕೊಳ್ಳಿ. ನಿಮ್ದು ವೈಟ್‌ಫೀಲ್ಡೋ ಪೀಣ್ಯನೋ ಆಗಿದ್ರೆ ನಂಬರ್ ಬೇರೆ ಬರುತ್ತೆ, ಆದ್ರೆ ಲೆಕ್ಕ ಹಾಕೋ ದಾರಿ ಇದೇ. ಎಲ್ಲರೂ ಟಿಕೆಟ್ ದರ ಮಾತ್ರ ಹೋಲಿಸ್ತಾರೆ, ಮೆಟ್ರೋ 60, ಬಸ್ 28, ಆಹಾ ಬಸ್ಸೇ ವಾಸಿ ಅಂತ. ನಾನೂ ಆರು ತಿಂಗಳು ಹಂಗೇ ಮಾಡ್ಕೊಂಡು ಕೈ ಸುಟ್ಕೊಂಡೆ. ದುಡ್ಡು ಹೋಗೋದು ಅಲ್ಲಲ್ಲ, ಮನೆಯಿಂದ ಸ್ಟೇಷನ್ನಿಗೆ ಇರೋ ಆ ಎರಡು ಕಿಲೋಮೀಟರಲ್ಲಿ.

ಮೆಟ್ರೋ

ಯೆಲ್ಲೋ ಲೈನ್ ಉದ್ಘಾಟನೆ ಆಗಿದ್ದು 2025ರ ಆಗಸ್ಟ್ 10, ಜನ ಹತ್ತಿದ್ದು ಮಾರನೇ ದಿನ. ಆರ್.ವಿ. ರೋಡಿಂದ ಬೊಮ್ಮಸಂದ್ರ, 19.15 ಕಿಲೋಮೀಟರ್, 16 ಸ್ಟೇಷನ್, ಈ ತುದಿಯಿಂದ ಆ ತುದಿಗೆ 60 ರೂಪಾಯಿ, ಸುಮಾರು 35 ನಿಮಿಷ. ಒಂದು ವಿಷಯ ಗಮನಿಸಿ, ಈ ಲೈನಿನವರು ಹಳೇ ದರ ನೋಡೇ ಇಲ್ಲ. ಗ್ರೀನ್, ಪರ್ಪಲ್ ಲೈನಿನವರಿಗೆ 2017ರ ಜೂನಿಂದ ಇದ್ದ ದರ ಫೆಬ್ರವರೀಲಿ ಒಂದೇ ಏಟಿಗೆ ಏರಿ, ಕೆಲವು ಕಡೆ ಡಬಲ್ಲೇ ಆಗಿ, ಜನ ಬಾಯಿ ಬಡ್ಕೊಂಡ ಮೇಲೆ ಅದೇ ತಿಂಗಳು 14ಕ್ಕೆ ಒಂಚೂರು ಇಳಿಸಿದ್ರು. ಆದ್ರೆ ಕನಿಷ್ಠ 10, ಗರಿಷ್ಠ 90 ಅನ್ನೋದು ಹಂಗೇ ಉಳೀತು, ಮುಂಚೆ ಗರಿಷ್ಠ 60 ಇತ್ತು. ನಮಗೆ ಲೈನ್ ಬಂದಿದ್ದೇ ಏರಿದ ಮೇಲೆ. ಹಾಗಾಗಿ ಗ್ರೀನ್ ಲೈನಿನವರಷ್ಟು ಬೈಯೋ ಹಕ್ಕೂ ನಮಗಿಲ್ಲ ಅನ್ನೋ ಥರ ಆಗಿದೆ.

ಕಾರ್ಡ್ ತಗೊಳ್ಳಿ, ಇದರಲ್ಲಿ ಎರಡನೇ ಯೋಚನೆ ಬೇಡ. ಸ್ಮಾರ್ಟ್ ಕಾರ್ಡಿಗೆ ಯಾವಾಗ್ಲೂ ಶೇಕಡಾ 5 ಕಮ್ಮಿ, ಅದರ ಮೇಲೆ ಜನ ಕಮ್ಮಿ ಇರೋ ಹೊತ್ತಲ್ಲಿ ಇನ್ನೊಂದು 5. ವಾರದ ದಿನಗಳಲ್ಲಿ ಬೆಳಗ್ಗೆ ಶುರುವಿಂದ 9 ಗಂಟೆ ತನಕ, ಮಧ್ಯಾಹ್ನ 12ರಿಂದ 4, ರಾತ್ರಿ 9ರ ಮೇಲೆ. ಭಾನುವಾರ ಮತ್ತೆ ಮೂರು ರಾಷ್ಟ್ರೀಯ ಹಬ್ಬಗಳ ದಿನ ಪೂರ್ತಿ ಶೇಕಡಾ 10. ಅಂದ್ರೆ ನೀವು 9ರೊಳಗೆ ಗೇಟ್ ದಾಟಿದ್ರೆ ಬೆಳಗ್ಗೆ 54, ಸಂಜೆ ಆರೂವರೆಗೆ ವಾಪಸ್ ಬಂದ್ರೆ 57, ದಿನಕ್ಕೆ 111, ತಿಂಗಳಿಗೆ 2,664. 9 ದಾಟಿ ಹತ್ತೋರಿಗೆ 2,736. ವ್ಯತ್ಯಾಸ 72 ರೂಪಾಯಿ, ಅದಕ್ಕೋಸ್ಕರ ಅಲಾರಂ ಹಿಂದಕ್ಕೆ ಹಾಕ್ಬೇಕಾ ಅಂದ್ರೆ ನಾನಂತೂ ಹಾಕಲ್ಲ. ಆದ್ರೆ 9ರೊಳಗೆ ಹೋದ್ರೆ ಕಾಲಿಡೋಕೆ ಜಾಗ ಸಿಗುತ್ತೆ, ಅದೇ ದೊಡ್ಡ ಲಾಭ.

ಕಾರ್ಡಲ್ಲಿ ಒಂದು ಮುಳ್ಳಿದೆ. ಒಳಗೆ ಹೋಗೋಕೆ ಕನಿಷ್ಠ 90 ರೂಪಾಯಿ ಬ್ಯಾಲೆನ್ಸ್ ಇರ್ಬೇಕು, ನೀವು ಹೋಗೋದು ಹತ್ತು ರೂಪಾಯಿ ದೂರಕ್ಕಾದ್ರೂ ಅಷ್ಟೇ. ಒಂದ್ಸಲ ನಂದು 86 ಇತ್ತು, ನಾಲ್ಕೇ ನಾಲ್ಕು ರೂಪಾಯಿಗೆ ಗೇಟ್ ಕೆಂಪು ತೋರಿಸ್ತು, ಹಿಂದೆ ಹನ್ನೆರಡು ಜನ ಕ್ಯೂ, ಒಬ್ಬರು ಅಜ್ಜಿ "ಪಕ್ಕಕ್ಕೆ ಬಾರಪ್ಪಾ" ಅಂತ ಬ್ಯಾಗ್ ಹಿಡಿದು ಎಳೆದ್ರು. ಹಿಂದಿನ ದಿನಾನೇ ನೋಡ್ಕೋಬೇಕಿತ್ತು, ತಪ್ಪು ನಂದೇ. ಈಗ ಸಂಬಳ ಬಂದ ದಿನ ಒಂದೇ ಸಲ 1,500 ಹಾಕಿಬಿಡ್ತೀನಿ, ತಿಂಗಳ ಮಧ್ಯೆ ಇನ್ನೊಂದ್ಸಲ.

ಇನ್ನು ಕಾಯೋ ವಿಷಯ. ಲೈನ್ ಶುರುವಾದಾಗ ಇದ್ದಿದ್ದೇ ಮೂರು ಟ್ರೈನು, 25 ನಿಮಿಷಕ್ಕೊಂದು. 25 ನಿಮಿಷಕ್ಕೊಂದು ಅಂದ್ರೆ ಸರಾಸರಿ ಹನ್ನೆರಡು ನಿಮಿಷ ಪ್ಲಾಟ್‌ಫಾರ್ಮಲ್ಲಿ ನಿಂತಿರೋದು, ಕಣ್ಣೆದುರಿಗೇ ಬಾಗಿಲು ಮುಚ್ಚಿದ್ರೆ ಪೂರ್ತಿ 25. ಆಮೇಲೆ ಒಂದೊಂದೇ ಟ್ರೈನ್ ಸೇರ್ತಾ ಹೋಗಿ ಅಂತರ ಕಮ್ಮಿ ಆಯ್ತು. ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಶುರುವಲ್ಲಿ ಬಂದು ಕಾದು ಬೇಜಾರಾಗಿ "ಇದು ಆಗಿಬರಲ್ಲ" ಅಂತ ಸ್ಕೂಟರಿಗೆ ವಾಪಸ್ ಹೋದವರು ನಮ್ಮ ಕಂಪನೀಲೇ ಏಳೆಂಟು ಜನ ಇದ್ದಾರೆ, ಅವರು ಇನ್ನೂ ಅದೇ ಹಳೇ 25 ನಿಮಿಷದ ಲೆಕ್ಕದಲ್ಲೇ ಇದ್ದಾರೆ. ಮತ್ತೆ ಒಂದ್ಸಲ ನೋಡಿ.

ಶಿಫ್ಟಿನವರ ಕಥೆ ಬೇರೆ. ಶುರುವಾದಾಗ ಬೆಳಗ್ಗೆ ಮೊದಲ ಟ್ರೈನು ಆರೂವರೆಗೆ ಇತ್ತು. ಬೊಮ್ಮಸಂದ್ರ, ಜಿಗಣಿ ಕಡೆ ಎಷ್ಟೋ ಫ್ಯಾಕ್ಟರೀಲಿ ಫಸ್ಟ್ ಶಿಫ್ಟ್ ಆರಕ್ಕೇ ಪಂಚ್. ಟ್ರೈನ್ ಹೊರಡೋ ಹೊತ್ತಿಗೆ ಅವರು ಮಷೀನ್ ಮುಂದೆ ನಿಂತು ಅರ್ಧ ಗಂಟೆ ಆಗಿರುತ್ತೆ. ಯಾರ ಸಲುವಾಗಿ ಲೈನ್ ಹಾಕಿದ್ರೋ ಆ ಇಂಡಸ್ಟ್ರಿಯಲ್ ಏರಿಯಾದ ಕಾರ್ಮಿಕರಲ್ಲೇ ಎಷ್ಟೋ ಜನಕ್ಕೆ ಅದು ಸಿಗಲಿಲ್ಲ. ನೀವು ಶಿಫ್ಟಿನವರಾದ್ರೆ ಮೊದಲ ಮತ್ತೆ ಕೊನೇ ಟ್ರೈನಿನ ಟೈಮ್ ನೋಡ್ಕೊಂಡು ಆಮೇಲೆ ದರದ ಲೆಕ್ಕಕ್ಕೆ ಬನ್ನಿ.

ಸ್ಟೂಡೆಂಟ್ಸಿಗೆ, ವಯಸ್ಸಾದವರಿಗೆ ಮೆಟ್ರೋದಲ್ಲಿ ಬೇರೆ ರಿಯಾಯಿತಿ ಇಲ್ಲ, ಬಸ್ಸಲ್ಲಿ ಇದೆ. ಅಷ್ಟು ಸಾಕು.

ಆ ಎರಡು ಕಿಲೋಮೀಟರ್

ಈಗ ನಿಜವಾದ ಖರ್ಚಿಗೆ ಬರೋಣ. ಆಟೋ ಮೀಟರು ಮೊದಲ ಎರಡು ಕಿಲೋಮೀಟರಿಗೆ 36, ಆಮೇಲೆ ಕಿಲೋಮೀಟರಿಗೆ 18. ಮನೆಯಿಂದ ಸ್ಟೇಷನ್ನಿಗೆ 36, ವಾಪಸ್ 36, ದಿನಕ್ಕೆ 72, ತಿಂಗಳಿಗೆ 1,728. ಅದೂ ಮೀಟರ್ ಹಾಕಿದ್ರೆ! ಮೆಟ್ರೋದಲ್ಲಿ 19 ಕಿಲೋಮೀಟರಿಗೆ 60, ಅಂದ್ರೆ ಕಿಲೋಮೀಟರಿಗೆ ಮೂರು ರೂಪಾಯಿ ಚಿಲ್ಲರೆ, ಆಟೋದಲ್ಲಿ ಎರಡು ಕಿಲೋಮೀಟರಿಗೆ ಕಿಲೋಮೀಟರಿಗೆ 18. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಅದೇ. ಬೆಳಗ್ಗೆ ಎಂಟೂವರೆಗೆ ಆ್ಯಪ್ ತೆಗೆದ್ರೆ ಅದೇ ದೂರಕ್ಕೆ 55, 60 ಅಂತ ತೋರ್ಸುತ್ತೆ, ಅದರ ಮೇಲೆ ಟಿಪ್ ಸೇರಿಸಿ ಬೇಗ ಸಿಗುತ್ತೆ ಅನ್ನೋ ಬಟನ್ ಬೇರೆ, ಟಿಪ್ ಅಂದ್ರೆ ಕೆಲಸ ಆದ್ಮೇಲೆ ಖುಷಿಗೆ ಕೊಡೋದು ಅಂತ ಅಂದ್ಕೊಂಡಿದ್ವಿ ನಾವು. ಒಂದು ದಿನ ಮಳೇಲಿ ಒಂದು ಆ್ಯಪಲ್ಲಿ ಮೂರು ಸಲ ಬುಕ್ ಆಗಿ ಮೂರು ಸಲ ಕ್ಯಾನ್ಸಲ್ ಆಗಿ ಕೊನೆಗೆ ನೆನ್ಕೊಂಡೇ ನಡೆದೆ, ಸ್ಟೇಷನ್ ಮುಟ್ಟಿದ ಮೇಲೆ ನಾಲ್ಕನೇ ಡ್ರೈವರ್ ಫೋನು, "ಎಲ್ಲಿದೀರಾ ಸಾರ್?" ಅಂತ.

ನಡೆದ್ರೆ ಖರ್ಚು ಸೊನ್ನೆ, 25 ನಿಮಿಷ. ಫುಟ್‌ಪಾತ್ ಅನ್ನೋದು ಇದ್ದಿದ್ರೆ ನಾನು ದಿನಾ ನಡೀತಿದ್ದೆ, ಈಗ ಚಳಿಗಾಲದಲ್ಲಿ ಮಾತ್ರ. ಸ್ಕೂಟರ್ ಸ್ಟೇಷನ್ ಹತ್ರ ಬಿಟ್ಟು ಹೋದ್ರೆ ಪಾರ್ಕಿಂಗ್ ದುಡ್ಡು ಬೇರೆ, ಇಡೀ ದಿನ ನಿಲ್ಲಿಸೋರಿಗೆ ಅದೂ ತಿಂಗಳಿಗೆ ಸೇರ್ಕೊಂಡು ಚಿಕ್ಕದೇನಲ್ಲ. ಉಳಿದಿದ್ದು ಬಸ್ಸು. ಎರಡು ಕಿಲೋಮೀಟರ್ ಒಳಗೆ 6 ರೂಪಾಯಿ, ಮುಂಚೆ 5 ಇತ್ತು. ದಿನಕ್ಕೆ 12, ತಿಂಗಳಿಗೆ 288. 1,728ಕ್ಕೂ 288ಕ್ಕೂ ಇರೋ ಅಂತರ ನೋಡಿ, 1,440 ರೂಪಾಯಿ. ಜನವರೀಲಿ ಬಸ್ ದರ ಏರಿಸಿದ್ರು ಅಂತ ನಾವು ವರ್ಷ ಪೂರ್ತಿ ಬೈದಿದ್ದು ಆ ಒಂದೊಂದು ರೂಪಾಯಿಗೆ, ಈ ಕಡೆ ಬಸ್ಸಿಗೆ ಕಾಯೋಕೆ ತಾಳ್ಮೆ ಇಲ್ದೆ ಆಟೋ ಹತ್ತಿ ತಿಂಗಳಿಗೆ ಒಂದೂವರೆ ಸಾವಿರ ನಾವೇ ಕೈಯಾರೆ ಕೊಟ್ವಿ.

ಬಸ್ಸಿಗೆ ಕಾಯೋದು ಸುಲಭ ಅಂತ ನಾನು ಹೇಳ್ತಿಲ್ಲ. ಸ್ಟಾಪಲ್ಲಿ ನಿಂತ್ರೆ ಒಂದು ಬಸ್ಸಿಗೆ ಬೋರ್ಡೇ ಇರಲ್ಲ, ಇನ್ನೊಂದು ಡಿಪೋಗೆ ಹೋಗ್ತಿರುತ್ತೆ, ಕೇಳಿದ್ರೆ "ಆ ಟ್ರಿಪ್ ಕಟ್ ಆಗಿದೆ" ಅಂತ ಉತ್ತರ. ಬಸ್ ಓಡಾಟದಲ್ಲಿ ಕಡಿತ ಅನ್ನೋದು ಯಾವತ್ತೂ ಘೋಷಣೆ ಆಗಿ ಬರಲ್ಲ, ದರ ಏರಿಕೆ ಥರ ಪೇಪರಲ್ಲಿ ಹೆಡ್‌ಲೈನ್ ಆಗಲ್ಲ. ಒಂದು ದಿನ 8:10ರ ಬಸ್ ಬರಲ್ಲ, ಮರುದಿನಾನೂ ಬರಲ್ಲ, ಹದಿನೈದು ದಿನ ಆದ್ಮೇಲೆ ಜನಕ್ಕೆ ತಾನಾಗೇ ಗೊತ್ತಾಗುತ್ತೆ ಅದು ಇನ್ಮೇಲೆ ಇಲ್ಲ ಅಂತ. ಹಾಗಾಗಿ ಯಾವುದಾದ್ರೂ ಒಂದೇ ಬಸ್ಸನ್ನ ನಂಬ್ಕೊಂಡು ರೂಟ್ ಪ್ಲಾನ್ ಮಾಡ್ಬೇಡಿ, ಒಂದೇ ಸ್ಟಾಪಿಗೆ ಮೂರ್ನಾಲ್ಕು ನಂಬರ್ ಬರೋ ಜಾಗಕ್ಕೆ ಐದು ನಿಮಿಷ ಜಾಸ್ತಿ ನಡೆದು ಹೋಗಿ. ನಾನು ನಮ್ಮ ರೋಡಿನ ಸ್ಟಾಪ್ ಬಿಟ್ಟು ಮುಂದಿನ ಸರ್ಕಲ್ಲಿಗೆ ಹೋಗೋಕೆ ಶುರು ಮಾಡಿದ ಮೇಲೆ ಕಾಯೋದು ಅರ್ಧಕ್ಕರ್ಧ ಕಮ್ಮಿ ಆಯ್ತು.

ಪೂರ್ತಿ ಬಸ್ಸು

ಬಿಎಂಟಿಸಿ ಆರ್ಡಿನರಿ ತಿಂಗಳ ಪಾಸ್ 1,050 ಇದ್ದಿದ್ದು 1,200 ಆಯ್ತು, ವಾರದ್ದು 300 ಇದ್ದಿದ್ದು 350, ದಿನದ ಪಾಸ್ 70 ಇದ್ದಿದ್ದು 80. ಎಸಿ ವಜ್ರ ತಿಂಗಳಿಗೆ 1,800 ಇದ್ದಿದ್ದು 2,000, ಏರ್‌ಪೋರ್ಟಿನ ವಾಯುವಜ್ರ 4,000. ಟಿಕೆಟ್ಟಲ್ಲಿ 10 ಇದ್ದಿದ್ದು 12, 15 ಇದ್ದಿದ್ದು 18, 20 ಇದ್ದಿದ್ದು 23, 25 ಇದ್ದಿದ್ದು 28.

ಈ 23, 28 ಯಾರ ತಲೆಗೆ ಹೊಳೀತೋ ಗೊತ್ತಿಲ್ಲ. ಮುಂದಿನ ಸೀಟಲ್ಲಿ ಒಬ್ಬರು ತಾತ 30 ಕೊಟ್ರು, ಕಂಡಕ್ಟರ್ ಟಿಕೆಟ್ ತಿರುಗಿಸಿ ಹಿಂದ್ಗಡೆ ಪೆನ್ನಲ್ಲಿ 2 ಅಂತ ಬರೆದು ಸುತ್ತ ಒಂದು ಸೊನ್ನೆ ಸುತ್ತಿ ಕೊಟ್ರು, "ಇಳಿಯುವಾಗ ಇಸ್ಕೊಳ್ಳಿ". ತಾತ ಆ ಚೀಟಿನ ಸಿಲ್ಕ್ ಬೋರ್ಡಿಂದ ಕೂಡ್ಲುಗೇಟ್ ತನಕ ಬೆರಳ ಸಂದೀಲಿ ಹಿಡ್ಕೊಂಡೇ ಕೂತಿದ್ರು, ಇಳಿಯೋ ಹೊತ್ತಿಗೆ ಕಂಡಕ್ಟರ್ ಹಿಂದಿನ ಬಾಗಿಲಲ್ಲಿ, ತಾತ ಮುಂದಿನ ಬಾಗಿಲಲ್ಲಿ, ಮಧ್ಯೆ ಅರವತ್ತು ಜನ. ಕಂಡಕ್ಟರ್‌ನ ಬೈಯೋಕೂ ಆಗಲ್ಲ, ಇಡೀ ಬಸ್ಸೇ 30 ಕೊಟ್ರೆ ಪಾಪ ಅವರು ಎಲ್ಲಿಂದ ತರ್ತಾರೆ ಎರಡೆರಡು ರೂಪಾಯಿ. ಬಸ್ಸಲ್ಲಿ ಕ್ಯೂಆರ್ ಇರುತ್ತೆ, ಯುಪಿಐ ಮಾಡಿ, ಈ ತಲೆನೋವೇ ಇಲ್ಲ, ನೆಟ್‌ವರ್ಕ್ ಇದ್ರೆ.

ಪಾಸ್ ತಗೊಂಡ್ರೆ ಲಾಭ ಅಂತ ಎಲ್ಲರೂ ಕಣ್ಣುಮುಚ್ಚಿ ಹೇಳ್ತಾರೆ, ಅದು ಎಲ್ಲರಿಗೂ ಸರಿ ಅಲ್ಲ. ನೀವು ಹೋಗೋದು ಒಂದೇ ಬಸ್ಸಲ್ಲಿ, ಟಿಕೆಟ್ 28 ಅಂತ ಇಟ್ಕೊಳ್ಳಿ, ದಿನಕ್ಕೆ 56. 1,200ನ 56ರಿಂದ ಭಾಗಿಸಿ, 21 ಚಿಲ್ಲರೆ ಬರುತ್ತೆ. ಅಂದ್ರೆ ತಿಂಗಳಿಗೆ 22 ದಿನ ಹೋದ್ರೆ ಮಾತ್ರ ಪಾಸ್ ಗಿಟ್ಟುತ್ತೆ. ವಾರಕ್ಕೆ ಮೂರು ದಿನ ಆಫೀಸು, ಉಳಿದಿದ್ದು ಮನೆಯಿಂದ ಅನ್ನೋ ಐಟಿಯವರು ಪಾಸ್ ಮಾಡಿಸೋದು ಸುಮ್ನೆ ದಾನ, ಹನ್ನೆರಡು ದಿನಕ್ಕೆ ಟಿಕೆಟ್ ತಗೊಂಡ್ರೆ 672ಕ್ಕೆ ಮುಗೀತು. ಅದೇ ಎರಡು ಬಸ್ ಬದಲಾಯಿಸೋರು, ಮೊದಲು 12ರ ಟಿಕೆಟ್ಟು ಆಮೇಲೆ 28ರದ್ದು, ದಿನಕ್ಕೆ 80 ಆಯ್ತು, 15 ದಿನಕ್ಕೇ ಪಾಸಿನ ದುಡ್ಡು ವಸೂಲು. ದಿನದ ಪಾಸು 80, ಹಾಗಾಗಿ ದಿನಕ್ಕೆ ಮೂರ್ನಾಲ್ಕು ಬಸ್ ಹತ್ತೋ ದಿನ ಮಾತ್ರ ಅದು ಬೇಕು. ವಾರದ ಪಾಸ್ ದಿನದ ಪಾಸಿಗೆ ಹೋಲಿಸಿದ್ರೆ ಐದನೇ ದಿನದಿಂದ ಲಾಭ, ನಾಲ್ಕು ದಿನ ಆದ್ರೆ 320 ಅಷ್ಟೇ. ನಾಲ್ಕು ವಾರ ವಾರದ ಪಾಸೇ ತಗೊಂಡ್ರೆ 1,400 ಆಗುತ್ತೆ, ಅದು ಯಾರಿಗೂ ಬೇಡ. ನಾನು ಹೇಳ್ತಿರೋ 28 ನಿಮ್ಮ ಸ್ಟೇಜಿಗೆ 23 ಆಗಿದ್ರೆ ಲೆಕ್ಕ ಇನ್ನೂ ಬದಲಾಗುತ್ತೆ, 46 ರೂಪಾಯಿ ದಿನಕ್ಕೆ, 26 ದಿನ ಹೋದ್ರೂ ಪಾಸಿಗಿಂತ 4 ರೂಪಾಯಿ ಕಮ್ಮೀನೇ. ಟುಮ್ಮೊಕ್ ಆ್ಯಪಲ್ಲೇ ಪಾಸ್ ಸಿಗುತ್ತೆ, ಫೋಟೋ ಹಿಡ್ಕೊಂಡು ಬಸ್‌ಸ್ಟ್ಯಾಂಡ್ ಕೌಂಟರಲ್ಲಿ ನಿಲ್ಲೋದೇನೂ ಬೇಡ.

ಹೆಣ್ಮಕ್ಕಳಿಗೆ ಈ ಹೋಲಿಕೆ ಓದೋ ಅಗತ್ಯಾನೇ ಕಮ್ಮಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ, ಎಸಿ ಇಲ್ಲದ ಬಸ್ಸಲ್ಲಿ ಫ್ರೀ, ಕರ್ನಾಟಕದ ವಿಳಾಸ ಇರೋ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ತಗೋಬೇಕು ಅಷ್ಟೇ. ಟಿಕೆಟ್ ಫ್ರೀ ತಾನೇ ಅಂತ ತಗೊಳ್ದೆ ಕೂರಬೇಡಿ, ಆ ಶೂನ್ಯ ಟಿಕೆಟ್ ಲೆಕ್ಕದ ಮೇಲೇ ಸರ್ಕಾರ ನಿಗಮಕ್ಕೆ ದುಡ್ಡು ಕೊಡೋದು. ನಮ್ಮನೇಲಿ ಹೆಂಡತಿ ಬಿಟಿಎಂ ಕಡೆ ಸ್ಕೂಲಿಗೆ ಹೋಗ್ತಾಳೆ, ಜನವರಿ 5ರ ಬೆಳಗ್ಗೆ ನಾನು ಪೇಪರ್ ಹಿಡ್ಕೊಂಡು ಶೇಕಡಾ 15 ಅಂತ ಕೂಗಾಡ್ತಿದ್ರೆ ಅವಳು ಕಾಫಿ ಕುಡೀತಾ "ಎಷ್ಟು? ಸೊನ್ನೆಗೆ ಶೇಕಡಾ 15 ಎಷ್ಟಾಗುತ್ತೆ?" ಅಂದ್ಳು. ಆದ್ರೆ ಮೆಟ್ರೋಗೆ ಶಕ್ತಿ ಇಲ್ಲ, ವಜ್ರಕ್ಕೂ ಇಲ್ಲ. ನಮ್ಮ ಆಫೀಸಲ್ಲೇ ಪ್ಯಾಕಿಂಗ್ ಸೆಕ್ಷನ್ನಿನ ಹುಡುಗೀರು ಮೆಟ್ರೋ ಸ್ಟೇಷನ್ ಪಕ್ಕದಲ್ಲೇ ಮನೆ ಇದ್ರೂ ಬಸ್ಸಲ್ಲೇ ಬರ್ತಾರೆ, ತಿಂಗಳಿಗೆ 2,700 ಉಳಿಯುತ್ತೆ, ಅದಕ್ಕೆ ಬದಲಾಗಿ ದಿನಕ್ಕೆ ಒಂದು ಗಂಟೆ ಇಪ್ಪತ್ತು ನಿಮಿಷ ಜಾಸ್ತಿ ರಸ್ತೇಲಿ ಕಳೀತಾರೆ.

ದರ ಯಾಕೆ ಏರಿಸಿದ್ರು ಅನ್ನೋದಕ್ಕೆ ಸರ್ಕಾರ ಹೇಳಿದ್ದು, ಬಿಎಂಟಿಸಿ ದರ ಏರಿ ಹತ್ತು ವರ್ಷ ಆಗಿತ್ತು, ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳ ಡೀಸೆಲ್ ಖರ್ಚು ದಿನಕ್ಕೆ 9.16 ಕೋಟಿ ಇದ್ದಿದ್ದು 13.21 ಕೋಟಿ ಆಗಿದೆ ಅಂತ. ಅದು ಸುಳ್ಳಲ್ಲ. ನನ್ನ ತಕರಾರು ಏರಿಸಿದ್ದಕ್ಕಲ್ಲ, ಏರಿಸಿದ ಮೇಲೆ ಸ್ಟಾಪಲ್ಲಿ ನಿಂತವನಿಗೆ ಒಂದು ಬಸ್ಸಾದ್ರೂ ಜಾಸ್ತಿ ಕಾಣ್ಬೇಕಿತ್ತು. ಹತ್ತು ವರ್ಷ ಸುಮ್ನಿದ್ದು ಒಂದೇ ಸಲ ಏರಿಸೋದಕ್ಕಿಂತ ವರ್ಷಕ್ಕೆ ಒಂದೊಂದು ರೂಪಾಯಿ ಏರಿಸಿದ್ರೆ ಯಾರೂ ಮಾತಾಡ್ತಿರ್ಲಿಲ್ಲ ಅಂತ ನನಗನ್ಸುತ್ತೆ, ಮೆಟ್ರೋದಲ್ಲೂ ಅಷ್ಟೇ, ಏಳೂವರೆ ವರ್ಷ ಕಾದಿದ್ದು ಅದೂ.

ಬಸ್ಸು ಮೆಟ್ರೋ ಮಧ್ಯೆ ಸಮಯದ ಬೆಲೆ

ನಂದು ಮನೆ ಬಾಗಿಲಿಂದ ಫ್ಯಾಕ್ಟರಿ ಗೇಟ್ ತನಕ ಮೆಟ್ರೋದಲ್ಲಿ ಒಂದೂಕಾಲು ಗಂಟೆ, ಬಸ್ಸಲ್ಲಿ ಒಂದು ಗಂಟೆ 55 ನಿಮಿಷ, ಹೊಸೂರು ರೋಡಿನ 356 ಸೀರೀಸ್ ಬಸ್ಸುಗಳಿಗೇನೂ ಬರ ಇಲ್ಲ, ಆದ್ರೆ ಅಲ್ಲಿಗೆ ಹೋಗಿ ಹಿಡಿಯೋಕೆ ಸಿಲ್ಕ್ ಬೋರ್ಡ್ ದಾಟ್ಬೇಕಲ್ಲ. ವ್ಯತ್ಯಾಸ 40 ನಿಮಿಷ, ಹೋಗಿ ಬಂದು 80, ತಿಂಗಳಿಗೆ 32 ಗಂಟೆ. ಬಸ್ ಪಾಸ್ 1,200, ಮೆಟ್ರೋ 2,736, ಜಾಸ್ತಿ ಕೊಡೋದು 1,536. ಭಾಗಿಸಿದ್ರೆ ಉಳಿಯೋ ಪ್ರತಿ ಗಂಟೆಗೆ 48 ರೂಪಾಯಿ ಕೊಟ್ಟ ಹಾಗೆ. ಒಂದು ಗಂಟೆ ಮನೇಲಿ ಮಗುನ ಜೊತೆ ಇರೋಕೆ 48 ರೂಪಾಯಿ ಕೊಡ್ತೀರಾ ಅಂದ್ರೆ ನಾನು ಕೊಡ್ತೀನಿ. ಅದೇ ಸ್ಟೇಷನ್ನಿಗೆ ದಿನಾ ಆಟೋ ಅಂದ್ರೆ 1,728 ಸೇರಿ, ಗಂಟೆಗೆ 102 ಆಗುತ್ತೆ. ಆಗ ನಾನು ಯೋಚನೆ ಮಾಡ್ತೀನಿ. ನಿಮ್ಮ ಸಂಬಳನ ತಿಂಗಳ ಕೆಲಸದ ಗಂಟೆಗಳಿಂದ ಭಾಗಿಸಿ ಪಕ್ಕದಲ್ಲಿ ಇಟ್ಟು ನೋಡಿ, 18 ಸಾವಿರ ಸಂಬಳದವರಿಗೆ ಗಂಟೆಗೆ 90 ರೂಪಾಯಿ ಆಸುಪಾಸು ಬೀಳುತ್ತೆ, ಅವರಿಗೆ 48ಕ್ಕೆ ಮೆಟ್ರೋ ಸರಿ ಅನ್ನಿಸಬಹುದು, 102ಕ್ಕೆ ಖಂಡಿತ ಇಲ್ಲ. ಆ ಒಂದು ಆಟೋನೇ ಇಡೀ ತೀರ್ಮಾನ ಉಲ್ಟಾ ಮಾಡೋದು.

ಸ್ಕೂಟರ್

ಹೋಗಿ ಬರೋದು 38 ಕಿಲೋಮೀಟರ್, ತಿಂಗಳಿಗೆ 912. ಟ್ರಾಫಿಕ್ಕಲ್ಲಿ 42 ಮೈಲೇಜ್ ಕೊಡುತ್ತೆ ಅಂದ್ರೆ ಇಪ್ಪತ್ತೆರಡು ಲೀಟರ್ ಹತ್ರ, ನಾನು ಲೆಕ್ಕ ಹಾಕಿದಾಗ ಪೆಟ್ರೋಲ್ 103ರ ಆಸುಪಾಸು, 2,240 ಆಯ್ತು. ಇದನ್ನ ನೋಡಿ "ಮೆಟ್ರೋಗಿಂತ 500 ಕಮ್ಮಿ" ಅಂತ ಕುಣೀಬೇಡಿ, ಸರ್ವೀಸು, ಆಯಿಲು, ಟೈರು, ಇನ್ಶೂರೆನ್ಸು ತಿಂಗಳಿಗೆ ಕಮ್ಮಿ ಅಂದ್ರೂ 400, 500 ಎತ್ತಿಡ್ಬೇಕು. ಅಲ್ಲಿಗೆ ಮೆಟ್ರೋ ಸ್ಕೂಟರ್ ಎರಡೂ ಒಂದೇ. 2024ರ ಜುಲೈಲಿ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಡಬಲ್ ಡೆಕ್ಕರ್ ಫ್ಲೈಓವರ್ ಒಂದು ಬದಿ ಓಪನ್ ಆದ್ಮೇಲೆ ಬೆಳಗ್ಗೆ ಹೋಗೋದು ಸಲೀಸಾಗಿದೆ, ಒಂದು ಗಂಟೇಲಿ ಮುಟ್ತೀನಿ. ಎಲೆಕ್ಟ್ರಾನಿಕ್ ಸಿಟಿ ಎಲಿವೇಟೆಡ್ ರೋಡ್ ಹತ್ತಿದ್ರೆ ಟೋಲ್, ಕೆಳಗೆ ಹೋದ್ರೆ ಬೊಮ್ಮನಹಳ್ಳಿ, ಗಾರ್ವೇಬಾವಿಪಾಳ್ಯದ ಧೂಳು.

ಇಬ್ಬರು ಒಂದೇ ಸ್ಕೂಟರಲ್ಲಿ ಹೋದ್ರೆ ಯಾವ ಹೋಲಿಕೆನೂ ಬೇಡ, ಅದನ್ನ ಮೀರಿಸೋದು ಕಂಪನಿ ಬಸ್ ಒಂದೇ. ಪಕ್ಕದ ಬೀದಿ ಸಹೋದ್ಯೋಗಿ ಸಿಕ್ಕಿದ್ರೆ ಪೆಟ್ರೋಲ್ ಅರ್ಧ ಅರ್ಧ, 1,120. ಒಬ್ಬರೇ ಆದ್ರೆ ಮಾತ್ರ, ಬೆನ್ನು ನೋವಿಗೆ ಡಾಕ್ಟರ್ ಫೀ ಎಷ್ಟು ಅಂತಾನೂ ಸೇರಿಸಿ, ನಾನು ನಾಲ್ಕು ವರ್ಷ ಓಡಿಸಿ ಆ ಲೆಕ್ಕ ಕಲಿತೋನು.

ಉಳಿದಿದ್ದು

ಪೂರ್ತಿ ಆಟೋ ಅಂದ್ರೆ ಮೊದಲ ಎರಡು ಕಿಲೋಮೀಟರಿಗೆ 36, ಉಳಿದ 17ಕ್ಕೆ 306, ಒಟ್ಟು 342 ಒಂದು ಕಡೆಗೆ. ಮೀಟರ್ ದರ ಇದು, ರಾತ್ರಿ ಹತ್ತರ ಮೇಲೆ ಒಂದೂವರೆ ಪಟ್ಟು. ದಿನಾ ಯಾರೂ ಹೋಗಲ್ಲ, ಆಸ್ಪತ್ರೆ, ಮಳೆ, ಲೇಟಾದ ದಿನಕ್ಕೆ ಅಷ್ಟೇ.

ಬೈಕ್ ಟ್ಯಾಕ್ಸಿ ಕಥೆ ಉದ್ದ. ಹೈಕೋರ್ಟ್ ಏಕಸದಸ್ಯ ಪೀಠದ 2025ರ ಏಪ್ರಿಲ್ ಆದೇಶದ ಮೇಲೆ ಜೂನಲ್ಲಿ ನಿಂತಿತು, ಆಗಸ್ಟಲ್ಲಿ ಮತ್ತೆ ಕಾಣಿಸ್ಕೊಂಡ್ತು, 2026ರ ಜನವರೀಲಿ ವಿಭಾಗೀಯ ಪೀಠ ಆ ಹಳೇ ಆದೇಶಾನೇ ರದ್ದು ಮಾಡ್ತು. ಸ್ಟೇಷನ್ನಿಗೆ ಆ ಎರಡು ಕಿಲೋಮೀಟರಿಗೆ ಆಟೋಗಿಂತ ಕಮ್ಮಿಗೆ ಬರುತ್ತೆ, ಒಬ್ಬರೇ ಇದ್ದು ಬ್ಯಾಗ್ ಚಿಕ್ಕದಿದ್ರೆ ನೋಡಿ. ನಿಂತಿದ್ದ ಆ ಎರಡು ತಿಂಗಳು ಆಟೋದವರು ಯಾವ ದರ ಕೇಳ್ತಿದ್ರು ಅನ್ನೋದು ಮರೆಯೋಕಾಗಲ್ಲ ಬಿಡಿ.

ಟ್ರೈನ್ ಬಗ್ಗೆ ಯಾರೂ ಮಾತಾಡಲ್ಲ, ಅದಕ್ಕೇ ಹೇಳ್ತೀನಿ. ಬೈಯಪ್ಪನಹಳ್ಳಿ ಹೊಸೂರು ಲೈನಲ್ಲಿ ಹೀಲಲಿಗೆ ಸ್ಟೇಷನ್ ಇದೆ, ಚಂದಾಪುರದ ಹತ್ರ. ಪ್ಯಾಸೆಂಜರ್ ಟ್ರೈನಿನ ಟಿಕೆಟ್ 10 ರೂಪಾಯಿ, ತಿಂಗಳ ಸೀಸನ್ ಟಿಕೆಟ್ ಮೆಟ್ರೋದ ಒಂದು ವಾರದ ಖರ್ಚಿಗಿಂತ ಕಮ್ಮಿ. ನಂಗೆ ಉಪಯೋಗ ಇಲ್ಲ, ನಾನು ದಕ್ಷಿಣದವನು. ಬಾಣಸವಾಡಿ, ಬೆಳ್ಳಂದೂರು, ಕಾರ್ಮೆಲರಾಮ್ ಕಡೆಯವರು ನಿಮ್ಮ ಶಿಫ್ಟಿಗೆ ಹೊಂದೋ ಒಂದೇ ಒಂದು ಟ್ರೈನ್ ಇದ್ರೂ ಬಿಡ್ಬೇಡಿ. ತೊಂದರೆ ಏನಂದ್ರೆ ಟ್ರೈನು ಬೆರಳೆಣಿಕೆ, ಒಂದು ತಪ್ಪಿದ್ರೆ ಇನ್ನೊಂದು ಗಂಟೆಗಟ್ಲೆ ಆದ್ಮೇಲೆ.

ಇನ್ನೊಂದು ಮಾತು, ಒಂದನ್ನೇ ನಂಬ್ಕೊಂಡು ಕೂರಬೇಡಿ. 2025ರ ಆಗಸ್ಟ್ 5ಕ್ಕೆ ಸಾರಿಗೆ ನೌಕರರು 38 ತಿಂಗಳ ಸಂಬಳದ ಹಿಂಬಾಕಿ ಕೇಳಿ ಮುಷ್ಕರಕ್ಕೆ ಕೂತ್ರು, ಅವರ ಬೇಡಿಕೆ ನ್ಯಾಯವಾದದ್ದೇ. ಆದ್ರೆ ಆ ದಿನ ಯೆಲ್ಲೋ ಲೈನ್ ಇನ್ನೂ ಓಪನ್ ಆಗಿರ್ಲಿಲ್ಲ, ಇನ್ನೈದು ದಿನ ಇತ್ತು, ಹೊಸೂರು ರೋಡಿನವರಿಗೆ ಬಸ್ ಬಿಟ್ರೆ ಬೇರೆ ಗತಿ ಇರ್ಲಿಲ್ಲ. ನಮ್ಮ ಸೂಪರ್‌ವೈಸರ್ ಹಿಂದಿನ ರಾತ್ರೀನೇ ಫೋನ್ ಮಾಡಿ ಯಾರ ಗಾಡೀಲಿ ಯಾರು ಅಂತ ಪಟ್ಟಿ ಮಾಡಿದ್ರು.

ಸದ್ಯಕ್ಕೆ ನಾನು ಮಾಡ್ತಿರೋದು ಹೀಗೆ. ಬೆಳಗ್ಗೆ ಸರ್ಕಲ್ಲಿಂದ 6 ರೂಪಾಯಿ ಬಸ್ಸು, ಹತ್ತು ನಿಮಿಷ ಕಾದು ಬರ್ಲಿಲ್ಲ ಅಂದ್ರೆ ನಡಿಗೆ, ಆಟೋ ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಇಲ್ಲ ಅಂತ ಹೆಂಡತಿ ಮುಂದೆ ಒಪ್ಕೊಂಡಿದ್ದೀನಿ. ಆರ್.ವಿ. ರೋಡಿಂದ ಮೆಟ್ರೋ, ಆ ಕಡೆ ಇಳಿದು ಕಾಲ್ನಡಿಗೆ. ಹೋದ ತಿಂಗಳು ಒಟ್ಟು 3,290 ಆಯ್ತು, ಅದರಲ್ಲಿ ಆಟೋ 324, ಒಂಬತ್ತು ಸಲ. ಒಂಬತ್ತನೇದು ನಂದಲ್ಲ, ಅತ್ತೆ ಊರಿಂದ ಬಂದಿದ್ರು, ಆದ್ರೂ ನನ್ನ ಲೆಕ್ಕಕ್ಕೇ ಬರೆದಿದ್ದಾಳೆ.